ಹಿತ್ತಲ ಗಿಡ ಮದ್ದಾಗುವುದು ಯಾವಾಗ? ಸರ್ಕಾರಿ ಖರೀದಿಯ ಸ್ವದೇಶಿ ಲೆಕ್ಕ

ಮತ ಹಾಕುವಾಗ ನಮ್ಮ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ಮೈಸೂರಿನದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಶುರುವಾದ ಕಾರ್ಖಾನೆ ಇಂದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂಬ ಹೆಸರಿನಲ್ಲಿದೆ. 1962ರ ಚುನಾವಣೆಯಿಂದಲೂ ಆ ಶಾಯಿ ಅಲ್ಲಿಂದಲೇ ಬರುತ್ತಿದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಹೊಲಿದ ಖಾದಿ ಧ್ವಜಗಳು ದೇಶದ ಎಷ್ಟೋ ಸರ್ಕಾರಿ ಕಟ್ಟಡಗಳ ಮೇಲೆ ಹಾರುತ್ತವೆ. ಇವನ್ನು ನೋಡುವಾಗ ಸರ್ಕಾರ ಕೊಳ್ಳುವುದೆಲ್ಲವೂ ಹೀಗೆ ನಮ್ಮ ನೆಲದ್ದೇ ಆಗಿರಬೇಕು ಅನ್ನಿಸುವುದು ಸಹಜ.

ಆದರೆ ಅದೇ ಸರ್ಕಾರ ಆಸ್ಪತ್ರೆಗೆ ಸ್ಕ್ಯಾನಿಂಗ್ ಯಂತ್ರ, ಕಚೇರಿಗೆ ಕಂಪ್ಯೂಟರ್, ಬೀದಿಗೆ ದೀಪ, ನಗರಕ್ಕೆ ಮೆಟ್ರೋ ಬೋಗಿಗಳನ್ನೂ ಕೊಳ್ಳುತ್ತದೆ. ಅಲ್ಲಿ ‘ನಮ್ಮದು’ ಯಾವುದು ಎಂಬ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಲ್ಲ. ಅದಕ್ಕೊಂದು ಲೆಕ್ಕ ಕೊಡಲೆಂದೇ ಕೇಂದ್ರ ಸರ್ಕಾರ 2017ರ ಜೂನ್ 15ರಂದು ‘ಸಾರ್ವಜನಿಕ ಖರೀದಿ, ಮೇಕ್ ಇನ್ ಇಂಡಿಯಾಕ್ಕೆ ಆದ್ಯತೆ’ ಎಂಬ ಆದೇಶ ಹೊರಡಿಸಿತು. 2020ರಲ್ಲಿ ಅದು ದೊಡ್ಡ ಮಟ್ಟದಲ್ಲಿ ಬದಲಾಯಿತು, 2024ರ ಜುಲೈನಲ್ಲಿ ಮತ್ತಷ್ಟು ಬಿಗಿಯಾಯಿತು. ಈ ಆದೇಶದ ಬಗ್ಗೆ ಟೀ ಅಂಗಡಿಯಿಂದ ಟೆಂಡರ್ ಕೊಠಡಿಯವರೆಗೆ ಓಡಾಡುವ ಮಾತುಗಳಲ್ಲಿ ಅರ್ಧಕ್ಕರ್ಧ ತಪ್ಪು. ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಸ್ವದೇಶಿ ಮಾಲಿಗೆ ಸರ್ಕಾರ 20% ಹೆಚ್ಚು ಹಣ ಕೊಡುತ್ತದೆ

ಸತ್ಯ: ಆದೇಶದಲ್ಲಿ 20% ಎಂಬ ಅಂಕಿ ಇರುವುದು ನಿಜ, ಆದರೆ ಅದು ಹೆಚ್ಚುವರಿ ಬೆಲೆಯಲ್ಲ. ಅತಿ ಕಡಿಮೆ ದರ ಹೇಳಿದವರಿಗಿಂತ ಎಷ್ಟು ಹೆಚ್ಚು ಹೇಳಿದವರನ್ನು ಮಾತುಕತೆಗೆ ಕರೆಯಬಹುದು ಎಂಬುದರ ಗಡಿ ಅದು.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಕೇಂದ್ರ ಸರ್ಕಾರದ ಆಸ್ಪತ್ರೆಯೊಂದಕ್ಕೆ 1,000 ಮಂಚ ಬೇಕು. ಅತಿ ಕಡಿಮೆ ದರ, ಟೆಂಡರ್ ಭಾಷೆಯಲ್ಲಿ ಎಲ್-1, ಒಂದಕ್ಕೆ 10,000 ರೂಪಾಯಿ. ಅದನ್ನು ಹೇಳಿದವರ ಮಂಚದಲ್ಲಿ ಆಮದು ಭಾಗವೇ ಹೆಚ್ಚು. ಇಲ್ಲೇ ಬಹುಪಾಲು ತಯಾರಿಸುವ ಇನ್ನೊಬ್ಬರು 11,500 ರೂಪಾಯಿ ಹೇಳಿದ್ದಾರೆ. ಗಡಿ 12,000 ಆದ್ದರಿಂದ ಅವರು ಅದರೊಳಗಿದ್ದಾರೆ. ಆಗ ಎಲ್-1ಗೆ 500 ಮಂಚದ ಆರ್ಡರ್ ಹೋಗುತ್ತದೆ. ಉಳಿದ 500ನ್ನು 10,000 ರೂಪಾಯಿಗೇ ಕೊಡಲು ಒಪ್ಪುತ್ತೀರಾ ಎಂದು ಎರಡನೆಯವರನ್ನು ಕೇಳಲಾಗುತ್ತದೆ. ಒಪ್ಪಿದರೆ ಅವರಿಗೆ. ಒಪ್ಪದಿದ್ದರೆ ಗಡಿಯೊಳಗಿರುವ ಮುಂದಿನ ಸ್ಥಳೀಯ ಪೂರೈಕೆದಾರರಿಗೆ ಅವಕಾಶ. ಯಾರೂ ಒಪ್ಪದಿದ್ದರೆ ಇಡೀ ಆರ್ಡರ್ ಎಲ್-1ಗೇ. 12,500 ಹೇಳಿದವರನ್ನು ಕರೆಯುವುದೇ ಇಲ್ಲ. ಹೇಗೆ ನೋಡಿದರೂ ಖಜಾನೆಯಿಂದ ಹೋಗುವುದು ಮಂಚಕ್ಕೆ 10,000 ರೂಪಾಯಿಯೇ. ಹಂಚಲಾಗದ ಖರೀದಿಯಾದರೆ, ಎಲ್-1 ದರಕ್ಕೆ ಇಳಿದ ಸ್ಥಳೀಯರಿಗೆ ಪೂರ್ತಿ ಆರ್ಡರ್ ಸಿಗುತ್ತದೆ.

ಇದರರ್ಥ ಆದ್ಯತೆಗೆ ಬೆಲೆಯೇ ಇಲ್ಲ ಎಂದಲ್ಲ. ದೇಶದಲ್ಲಿ ಸಾಕಷ್ಟು ಉತ್ಪಾದನಾ ಸಾಮರ್ಥ್ಯ ಮತ್ತು ಸ್ಪರ್ಧೆ ಇದೆ ಎಂದು ಸಂಬಂಧಪಟ್ಟ ಸಚಿವಾಲಯ ಘೋಷಿಸಿದ ವಸ್ತುಗಳಿಗೆ, ಅತಿ ಹೆಚ್ಚು ಸ್ಥಳೀಯ ಅಂಶದ ದರ್ಜೆಯವರು (ಮುಂದೆ ಬರುವ ‘ಕ್ಲಾಸ್-1’) ಮಾತ್ರ ಟೆಂಡರ್ ಹಾಕಬಹುದು. ಅಲ್ಲಿ ಕಣದಲ್ಲಿರುವವರು ಕಡಿಮೆ. ಕಣ ಚಿಕ್ಕದಾದಷ್ಟೂ ದರ ಏರುವ ಸಾಧ್ಯತೆ ಹೆಚ್ಚು. ಆದ್ದರಿಂದ ‘ಸಾಕಷ್ಟು ಸ್ಪರ್ಧೆ’ ಎಂಬ ಆ ಘೋಷಣೆ ಪ್ರಾಮಾಣಿಕವಾಗಿರಬೇಕು.

ತಪ್ಪು ಕಲ್ಪನೆ 2: ಭಾರತದ ಕಂಪನಿ ಮಾರಿದರೆ ಅದು ಸ್ವದೇಶಿ, ವಿದೇಶಿ ಕಂಪನಿ ಮಾರಿದರೆ ವಿದೇಶಿ

ಸತ್ಯ: ವಸ್ತು ಸ್ವದೇಶಿಯೇ ಎಂದು ತೀರ್ಮಾನಿಸುವಾಗ ಕಂಪನಿಯ ಮಾಲೀಕರು ಯಾರು ಎಂಬುದನ್ನು ಈ ಆದೇಶ ಕೇಳುವುದಿಲ್ಲ. ವಸ್ತುವಿನ ಮೌಲ್ಯದಲ್ಲಿ ಎಷ್ಟು ಪಾಲು ಈ ದೇಶದಲ್ಲಿ ಹುಟ್ಟಿತು ಎಂದಷ್ಟೇ ಕೇಳುತ್ತದೆ. ವಿದೇಶಿ ಮೂಲದ ಕಂಪನಿ ಬೆಂಗಳೂರಿನ ಸುತ್ತಮುತ್ತ ಕಾರ್ಖಾನೆ ಹಾಕಿ, ಇಲ್ಲಿನ ಕೈಗಳಿಂದ, ಇಲ್ಲಿನ ಬಿಡಿಭಾಗಗಳಿಂದ ಯಂತ್ರ ತಯಾರಿಸಿದರೆ ಅದಕ್ಕೆ ಆದ್ಯತೆ ಇದೆ. ನಾಲ್ಕು ತಲೆಮಾರಿನ ಭಾರತೀಯ ಮನೆತನದ ಸಂಸ್ಥೆ ಹಡಗಿನಲ್ಲಿ ತರಿಸಿದ ಪೆಟ್ಟಿಗೆಗೆ ತನ್ನ ಚೀಟಿ ಅಂಟಿಸಿ ಮಾರಿದರೆ ಇಲ್ಲ.

ಲೆಕ್ಕ ಹೀಗೆ. ವಸ್ತುವಿನ ಬೆಲೆಯಿಂದ ಜಿಎಸ್‌ಟಿಯಂಥ ದೇಶೀ ತೆರಿಗೆ ತೆಗೆಯಿರಿ. ಉಳಿದದ್ದರಲ್ಲಿ ಆಮದು ಭಾಗಗಳ ಬೆಲೆಯನ್ನು, ಅವುಗಳ ಸೀಮಾಸುಂಕವನ್ನೂ ಸೇರಿಸಿ, ಕಳೆಯಿರಿ. ಮಿಕ್ಕಿದ್ದು ಸ್ಥಳೀಯ ಅಂಶ. 1,000 ರೂಪಾಯಿಯ ಬೀದಿದೀಪದಲ್ಲಿ ಆಮದು 450 ರೂಪಾಯಿಯದಾದರೆ ಸ್ಥಳೀಯ ಅಂಶ 55%. ತಯಾರಿಸಿದವರು ‘ಕ್ಲಾಸ್-1 ಸ್ಥಳೀಯ ಪೂರೈಕೆದಾರ’. ಆಮದು 600 ಆದರೆ ಸ್ಥಳೀಯ ಅಂಶ 40%, ಅವರು ‘ಕ್ಲಾಸ್-2’. 850 ಆದರೆ 15%. ಅವರು ಸ್ಥಳೀಯರೇ ಅಲ್ಲ. ಕ್ಲಾಸ್-1ಕ್ಕೆ 50%, ಕ್ಲಾಸ್-2ಕ್ಕೆ 20% ಸಾಮಾನ್ಯ ಮಿತಿ. ಕೆಲವು ವಸ್ತುಗಳಿಗೆ ಸಚಿವಾಲಯಗಳು ಇನ್ನೂ ಹೆಚ್ಚಿನ ಮಿತಿ ಇಟ್ಟಿವೆ. ಎಲ್-1 ದರಕ್ಕೆ ಇಳಿಯುವ ಅವಕಾಶ ಕ್ಲಾಸ್-1ಕ್ಕೆ ಮಾತ್ರ. ಕ್ಲಾಸ್-2ರವರು ಟೆಂಡರ್ ಹಾಕಬಹುದು, ಆದ್ಯತೆ ಕೇಳುವಂತಿಲ್ಲ.

ತಪ್ಪು ಕಲ್ಪನೆ 3: ಬಿಡಿಭಾಗ ತಂದು ಇಲ್ಲಿ ಜೋಡಿಸಿದರೆ ಸಾಕು

ಸತ್ಯ: ಸಂತೆಯಲ್ಲಿ ಕೊಂಡ ಗಿಡವನ್ನು ಕುಂಡ ಸಮೇತ ಹಿತ್ತಲಲ್ಲಿ ಇಟ್ಟರೆ ಅದು ಹಿತ್ತಲ ಗಿಡವಾಗುವುದಿಲ್ಲ. ಆಮದಾದ ಭಾಗವನ್ನು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ, ಇಲ್ಲಿನ ಬಿಲ್ಲಿನ ಮೇಲೆ ಕೊಂಡರೂ ಅದು ಆಮದೇ. 2024ರ ತಿದ್ದುಪಡಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಸಾಗಣೆ, ವಿಮೆ, ಯಂತ್ರ ಕೂರಿಸುವ ಕೂಲಿ, ತರಬೇತಿ, ಮಾರಾಟಾನಂತರದ ಸೇವೆ ಇವನ್ನೆಲ್ಲ ಸೇರಿಸಿ ಸ್ಥಳೀಯ ಅಂಶವನ್ನು ಉಬ್ಬಿಸಲು ಕೆಲವರು ನೋಡಿದಾಗ, ಅವೂ ಲೆಕ್ಕಕ್ಕೆ ಬರುವುದಿಲ್ಲ ಎಂದು 2021ರಲ್ಲೇ ಈ ಆದೇಶದ ಹೊಣೆ ಹೊತ್ತ ಇಲಾಖೆ ಸ್ಪಷ್ಟಪಡಿಸಿತ್ತು.

ಇಷ್ಟಾದರೂ ಪರೀಕ್ಷೆಯ ಸರಪಳಿಯಲ್ಲಿ ಸಡಿಲ ಕೊಂಡಿ ಉಳಿದಿದೆ. 10 ಕೋಟಿ ರೂಪಾಯಿವರೆಗಿನ ಖರೀದಿಗೆ ಪೂರೈಕೆದಾರರು ತಾವೇ ಬರೆದುಕೊಡುವ ಘೋಷಣೆ ಸಾಕು. ಅದಕ್ಕಿಂತ ಹೆಚ್ಚಾದರೆ ಮಾತ್ರ ಲೆಕ್ಕ ಪರಿಶೋಧಕರ ಪ್ರಮಾಣಪತ್ರ ಬೇಕು. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಎರಡು ವರ್ಷದವರೆಗೆ ಸರ್ಕಾರಿ ಟೆಂಡರ್‌ಗಳಿಂದ ಹೊರಗಿಡಬಹುದು. ಹಿಡಿಯುವವರು ಬೇಕು, ಅಷ್ಟೆ. ನಿಜವಾಗಿ ಇಲ್ಲಿ ತಯಾರಿಸುವವರಿಗೆ ಅತಿ ದೊಡ್ಡ ಅನ್ಯಾಯ ಆಗುವುದು ವಿದೇಶಿ ಕಂಪನಿಯಿಂದಲ್ಲ, ಪಕ್ಕದಲ್ಲೇ ಕೂತು ಸುಳ್ಳು ಘೋಷಣೆ ಬರೆದುಕೊಡುವವರಿಂದ.

ತಪ್ಪು ಕಲ್ಪನೆ 4: ವಿದೇಶಿ ವಸ್ತುವಿಗೆ ಬಾಗಿಲು ಪೂರ್ತಿ ಮುಚ್ಚಿದೆ

ಸತ್ಯ: 5 ಲಕ್ಷ ರೂಪಾಯಿಗಿಂತ ಕಡಿಮೆ ಮೊತ್ತದ ಖರೀದಿಗೆ ಈ ಆದೇಶವೇ ಅನ್ವಯಿಸುವುದಿಲ್ಲ. 2020ರ ಮೇ ತಿಂಗಳಿಂದ 200 ಕೋಟಿ ರೂಪಾಯಿವರೆಗಿನ ಖರೀದಿಗೆ ಜಾಗತಿಕ ಟೆಂಡರ್ ಕರೆಯಬಾರದು ಎಂಬ ನಿಯಮ ಬಂತು. ಆದರೂ ಉನ್ನತ ಮಟ್ಟದ ಒಪ್ಪಿಗೆ ಪಡೆದು ಕರೆಯಲು ದಾರಿ ಇದೆ. ಇಲ್ಲಿ ತಯಾರಾಗದ ಹಲವು ವೈದ್ಯಕೀಯ ಉಪಕರಣಗಳಿಗೆ ವಿನಾಯಿತಿ ಸಿಕ್ಕಿದೆ. ಪ್ರಯೋಗಾಲಯಗಳಿಗೆ ಬೇಕಾದ ಸೂಕ್ಷ್ಮ ಉಪಕರಣಗಳು ವರ್ಷಗಟ್ಟಲೆ ತಡವಾಗುತ್ತಿವೆ ಎಂಬ ವಿಜ್ಞಾನಿಗಳ ದೂರು ಬಹಳ ದಿನದ್ದು. ಕೊನೆಗೆ 2025ರ ಜೂನ್‌ನಲ್ಲಿ ಸಂಶೋಧನೆಗಾಗಿ 200 ಕೋಟಿವರೆಗೆ ಜಾಗತಿಕ ಟೆಂಡರ್ ಕರೆಯುವ ಅಧಿಕಾರವನ್ನು ಸಂಸ್ಥೆಗಳ ನಿರ್ದೇಶಕರಿಗೆ, ಕುಲಪತಿಗಳಿಗೆ ಕೊಡಲಾಯಿತು. ಇಲ್ಲದ ವಸ್ತುವನ್ನು ಇಲ್ಲೇ ಕೊಳ್ಳಿ ಎಂದರೆ ನಷ್ಟ ರೋಗಿಗೆ, ವಿದ್ಯಾರ್ಥಿಗೆ. ಆ ವಿನಾಯಿತಿಗಳನ್ನು ಸ್ವದೇಶಿಗೆ ಬಗೆದ ದ್ರೋಹ ಎಂದು ನೋಡುವುದು ಸರಿಯಲ್ಲ.

ತಪ್ಪು ಕಲ್ಪನೆ 5: ಸಣ್ಣ ಕೈಗಾರಿಕೆಯ ಮೀಸಲೂ ಇದೂ ಒಂದೇ

ಸತ್ಯ: ಎರಡು ಬೇರೆ ಆದೇಶಗಳು. ಸಣ್ಣ ಉದ್ದಿಮೆಗಳದ್ದು 2012ರದು. ಕೇಂದ್ರದ ಇಲಾಖೆ ಮತ್ತು ಉದ್ದಿಮೆಗಳು ವರ್ಷದ ಖರೀದಿಯಲ್ಲಿ ಕನಿಷ್ಠ 25% ಭಾಗವನ್ನು ಅತಿ ಸಣ್ಣ ಮತ್ತು ಸಣ್ಣ ಉದ್ದಿಮೆಗಳಿಂದ ಕೊಳ್ಳಬೇಕು. ಅದರೊಳಗೆ 4% ಪರಿಶಿಷ್ಟ ಜಾತಿ, ಪಂಗಡದವರ ಉದ್ದಿಮೆಗಳಿಗೆ, 3% ಮಹಿಳೆಯರ ಉದ್ದಿಮೆಗಳಿಗೆ. ಅಲ್ಲಿ ದರ ಇಳಿಸುವ ಅವಕಾಶದ ಗಡಿ 15%. ಅದು ಉದ್ದಿಮೆಯ ಗಾತ್ರ ನೋಡುತ್ತದೆ, ಇದು ವಸ್ತುವಿನ ಹುಟ್ಟು ನೋಡುತ್ತದೆ. ಪೀಣ್ಯದ ಸಣ್ಣ ಕಾರ್ಖಾನೆಯೊಂದು ಎರಡಕ್ಕೂ ಅರ್ಹವಾಗಿರಬಹುದು. ಆದರೆ ಎರಡಕ್ಕೂ ಬೇರೆ ಬೇರೆ ದಾಖಲೆ ಬೇಕು. ಸಣ್ಣ ಉದ್ದಿಮೆಯ ‘ಉದ್ಯಮ್’ ನೋಂದಣಿ ಇದೆ ಎಂದು ಸ್ಥಳೀಯ ಅಂಶದ ಘೋಷಣೆಯನ್ನೇ ಸೇರಿಸದೆ ಟೆಂಡರ್ ಹಾಕಿದವರು, ಇರುವ ಹಕ್ಕನ್ನು ತಾವೇ ಬಿಟ್ಟುಕೊಟ್ಟಂತೆ.

ತಪ್ಪು ಕಲ್ಪನೆ 6: ಪಂಚಾಯಿತಿಯಿಂದ ವಿಧಾನಸೌಧದವರೆಗೆ ಎಲ್ಲರಿಗೂ ಇದೇ ನಿಯಮ

ಸತ್ಯ: ಕೇಂದ್ರದ ಆದೇಶ ಕೇಂದ್ರದ ಸಚಿವಾಲಯಗಳಿಗೆ, ಅದರ ಹಿಡಿತದ ಸಂಸ್ಥೆ ಮತ್ತು ಕಂಪನಿಗಳಿಗೆ. ಕರ್ನಾಟಕ ಸರ್ಕಾರ ತನ್ನ ಸ್ವಂತ ಹಣದಿಂದ ಮಾಡುವ ಖರೀದಿ ನಡೆಯುವುದು 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದಡಿ. ಕಚೇರಿಗಳಲ್ಲಿ ಎಲ್ಲರೂ ಕೆಟಿಪಿಪಿ ಎಂದು ಕರೆಯುವ ಕಾಯ್ದೆ ಅದೇ. ಆದರೆ ಕೇಂದ್ರದ ಅನುದಾನ ಪೂರ್ತಿಯಾಗಿ ಅಥವಾ ಭಾಗಶಃ ಸೇರಿದ ಯೋಜನೆಗೆ ರಾಜ್ಯವೋ ಸ್ಥಳೀಯ ಸಂಸ್ಥೆಯೋ ಖರೀದಿ ಮಾಡಿದರೆ ಕೇಂದ್ರದ ಆದೇಶವೂ ಜೊತೆಗೆ ಬರುತ್ತದೆ. ಟೆಂಡರ್ ಹಾಕುವ ಮೊದಲು ಹಣ ಯಾರದು ಎಂದು ಕೇಳಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ.

ತಪ್ಪು ಕಲ್ಪನೆ 7: ಇಂಥ ನಿಯಮ ಭಾರತದ್ದೊಂದೇ, ವಿಶ್ವ ವ್ಯಾಪಾರ ಸಂಸ್ಥೆ ಇದನ್ನು ಒಪ್ಪುವುದಿಲ್ಲ

ಸತ್ಯ: ಅಮೆರಿಕದ ‘ಬೈ ಅಮೆರಿಕನ್’ ಕಾಯ್ದೆಗೆ ಅಧ್ಯಕ್ಷ ಹರ್ಬರ್ಟ್ ಹೂವರ್ ಸಹಿ ಹಾಕಿದ್ದು 1933ರ ಮಾರ್ಚ್ 3ರಂದು, ಅಧಿಕಾರ ಬಿಡುವ ಹಿಂದಿನ ದಿನ. ಅದು ಇಂದಿಗೂ ಜಾರಿಯಲ್ಲಿದೆ. ಅಲ್ಲಿ ದೇಶೀ ಅಂಶದ ಮಿತಿ 2024ರಿಂದ 65%, 2029ರಿಂದ 75%. ಜಾಗತಿಕ ವ್ಯಾಪಾರದ ಮೂಲ ಒಪ್ಪಂದವಾದ 1947ರ ಗ್ಯಾಟ್ ಕೂಡ, ಸರ್ಕಾರಗಳು ತಮ್ಮ ಬಳಕೆಗೆ ಕೊಳ್ಳುವ ವಸ್ತುಗಳನ್ನು ಸಮಾನ ಉಪಚಾರದ ಕಟ್ಟಳೆಯಿಂದ ಹೊರಗಿಟ್ಟಿದೆ. ಆ ಖರೀದಿಯನ್ನು ಪರಸ್ಪರ ತೆರೆದಿಡಲು ಪ್ರತ್ಯೇಕ ಒಪ್ಪಂದವೊಂದಿದೆ. ಭಾರತ ಅದಕ್ಕೆ ಸಹಿ ಹಾಕಿಲ್ಲ, ವೀಕ್ಷಕ ಮಾತ್ರ.

ಆದರೆ ಈ ವಿನಾಯಿತಿಗೂ ಬೇಲಿ ಇದೆ. ಜವಾಹರಲಾಲ್ ನೆಹರೂ ರಾಷ್ಟ್ರೀಯ ಸೌರ ಮಿಷನ್‌ನಲ್ಲಿ ವಿದ್ಯುತ್ ಉತ್ಪಾದಕರು ಭಾರತದಲ್ಲಿ ತಯಾರಾದ ಸೌರ ಕೋಶಗಳನ್ನೇ ಬಳಸಬೇಕು ಎಂಬ ಷರತ್ತಿತ್ತು. ಅಮೆರಿಕ ದೂರು ಕೊಟ್ಟಿತು. 2016ರ ಸೆಪ್ಟೆಂಬರ್‌ನಲ್ಲಿ ಭಾರತ ಸೋತಿತು. ಕಾರಣ ಸರಳ: ಸರ್ಕಾರ ಕೊಂಡದ್ದು ವಿದ್ಯುತ್ತನ್ನು, ಸೌರ ಕೋಶವನ್ನಲ್ಲ. ಕೊಳ್ಳದ ವಸ್ತುವಿಗೆ ಖರೀದಿಯ ವಿನಾಯಿತಿ ಹೇಗೆ ಸಿಗುತ್ತದೆ? ಮುಂದೆ ಅಮೆರಿಕದ ಕೆಲವು ರಾಜ್ಯಗಳ ಇಂಥದ್ದೇ ಷರತ್ತುಗಳ ವಿರುದ್ಧ ಭಾರತವೂ ದೂರು ಕೊಟ್ಟು, 2019ರಲ್ಲಿ ತನ್ನ ಪರ ತೀರ್ಪು ಪಡೆಯಿತು.

ತಪ್ಪು ಕಲ್ಪನೆ 8: ನಿಯಮ ಬರೆದರೆ ಕಾರ್ಖಾನೆ ತಾನೇ ಬರುತ್ತದೆ

ಸತ್ಯ: ಬೆಂಗಳೂರಿನ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುವ ಮೆಟ್ರೋದ ಹಳದಿ ಮಾರ್ಗ ನಮಗೆ ಕಲಿಸಿದ ಪಾಠ ಇದು. 2019ರ ಕೊನೆಯಲ್ಲಿ 216 ಬೋಗಿಗಳ ಗುತ್ತಿಗೆ ಚೀನಾದ ಸಿಆರ್‌ಆರ್‌ಸಿ ಸಂಸ್ಥೆಗೆ ಹೋಯಿತು. 12 ಬೋಗಿ ಚೀನಾದಿಂದ, ಉಳಿದ 204 ಭಾರತದಲ್ಲೇ ತಯಾರಾಗಬೇಕಿತ್ತು. ಷರತ್ತು ಒಳ್ಳೆಯದೇ. ಆದರೆ ಆ ಸಂಸ್ಥೆಯ ಕಾರ್ಖಾನೆ ಇಲ್ಲಿ ಏಳಲಿಲ್ಲ. ಅಷ್ಟರಲ್ಲಿ ಭಾರತ-ಚೀನಾ ಗಡಿಯ ಬಿಕ್ಕಟ್ಟೂ ಬಂತು. ಕೊನೆಗೆ ಪಶ್ಚಿಮ ಬಂಗಾಳದ ಟಿಟಾಗಢ ಸಂಸ್ಥೆ ಬೋಗಿ ತಯಾರಿಕೆಗೆ ಕೈಜೋಡಿಸಿತು. ಹಳಿ, ನಿಲ್ದಾಣ ಸಿದ್ಧವಾಗಿದ್ದರೂ ರೈಲಿಗಾಗಿ ಕಾಯಬೇಕಾಯಿತು. 2025ರ ಆಗಸ್ಟ್ 10ರಂದು ಮಾರ್ಗ ಉದ್ಘಾಟನೆಯಾದಾಗ ಇದ್ದದ್ದು ಮೂರೇ ರೈಲು, ಒಂದಾದ ಮೇಲೊಂದು ಬರಲು 25 ನಿಮಿಷ. ಆ ತಡದ ಬೆಲೆ ತೆತ್ತವರು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ದಿನವೂ ಸಿಕ್ಕಿಕೊಂಡ ಕೆಲಸಗಾರರು.

ಹಾಗೆಂದು ಷರತ್ತೇ ತಪ್ಪು ಎನ್ನಲಾಗದು. ಅದೇ ನಗರದಲ್ಲಿ ಬಿಇಎಂಎಲ್ ವರ್ಷಗಳಿಂದ ಮೆಟ್ರೋ ಬೋಗಿ ತಯಾರಿಸುತ್ತಿದೆ. ಆರ್ಡರ್ ತಪ್ಪದೆ ಬಂದದ್ದರಿಂದ ಆ ಕೈಗಳು ಪಳಗಿದವು. ಬೇಡಿಕೆ ನಿರಂತರವಾಗಿರಬೇಕು, ತಯಾರಕರಿಗೆ ಸಮಯ ಕೊಡಬೇಕು, ಹಣ ಹೊತ್ತಿಗೆ ಸರಿಯಾಗಿ ಪಾವತಿಯಾಗಬೇಕು. ಈ ಮೂರಿಲ್ಲದೆ ಷರತ್ತೊಂದೇ ಇದ್ದರೆ ಅದು ಕಾಗದದಲ್ಲೇ ಉಳಿಯುತ್ತದೆ.

ಕಣ್ಣು ಇಡಬೇಕಾದ ಜಾಗ

ಆದ್ಯತೆ ಸೋಲುವುದು ಹೆಚ್ಚಾಗಿ ದರದ ಲಕೋಟೆಯಲ್ಲಲ್ಲ, ಅದಕ್ಕೂ ಮೊದಲು, ಟೆಂಡರ್ ಷರತ್ತು ಬರೆಯುವ ಮೇಜಿನಲ್ಲಿ. ವಿದೇಶಿ ಬ್ರ್ಯಾಂಡಿನ ಹೆಸರು ಬರೆಯುವುದು, ವಿದೇಶಿ ಪ್ರಮಾಣಪತ್ರ ಕೇಳುವುದು, ವಿದೇಶದಲ್ಲಿ ಪೂರೈಸಿದ ಅನುಭವ ಬೇಕೆನ್ನುವುದು, ಅಗತ್ಯಕ್ಕಿಂತ ದೊಡ್ಡ ವಹಿವಾಟು ತೋರಿಸಿ ಎನ್ನುವುದು: ಸ್ಥಳೀಯರನ್ನು ಸುಮ್ಮನೆ ಹೊರಗಿಡುವ ಇಂಥ ಷರತ್ತು ಬೇಡ ಎಂದು ಆದೇಶವೇ ಹೇಳುತ್ತದೆ. ಬಿಡ್ ಪೂರ್ವ ಸಭೆಗೆ ಹೋಗಿ ಅಂಥ ಷರತ್ತನ್ನು ಬರಹದಲ್ಲಿ ಪ್ರಶ್ನಿಸುವುದು ಸಣ್ಣ ತಯಾರಕರ ಹಕ್ಕು. ಅವರು ಒಬ್ಬೊಬ್ಬರೇ ಹೆದರಿದರೆ ಅವರ ಕೈಗಾರಿಕಾ ಸಂಘ ಕೇಳಬೇಕು. ಕೊಳ್ಳುವ ಅಧಿಕಾರಿಯೂ ಘೋಷಣೆಯ ಕಾಗದವನ್ನು ಕಡತಕ್ಕೆ ಸೇರಿಸಿ ಕೈತೊಳೆದುಕೊಳ್ಳದೆ, ಅನುಮಾನ ಬಂದಾಗ ಕಾರ್ಖಾನೆಗೆ ಹೋಗಿ ನೋಡಬೇಕು.

ಹಿತ್ತಲ ಗಿಡ ಮದ್ದಲ್ಲ ಎಂದು ನಮ್ಮ ಹಿರಿಯರು ಹೇಳಿದ್ದು ನಮ್ಮದನ್ನು ನಾವೇ ಕಡೆಗಣಿಸುವ ಗುಣವನ್ನು ಎತ್ತಿ ತೋರಿಸಲು. ಈ ಆದೇಶ ಆ ಗುಣಕ್ಕೆ ಒಂದು ಪರಿಹಾರ. ಮೈಸೂರಿನ ಶಾಯಿ ಅರವತ್ತು ವರ್ಷ ದಾಟಿಯೂ ಬೇಡಿಕೆಯಲ್ಲಿರುವುದು ಅದು ಮೈಸೂರಿನದು ಎಂಬ ಅಭಿಮಾನದಿಂದಲ್ಲ, ತೊಳೆದರೆ ಹೋಗುವುದಿಲ್ಲ ಎಂಬ ಕಾರಣಕ್ಕೆ. ಆದ್ಯತೆಯ ನಿಯಮ ನಮ್ಮ ತಯಾರಕರನ್ನು ಬಾಗಿಲವರೆಗೆ ಕರೆತರುತ್ತದೆ. ಒಳಗೆ ಉಳಿಯುವುದು ಅವರ ಕೆಲಸದ ಗಟ್ಟಿತನದಿಂದ, ಕೊಳ್ಳುವವರ ಪ್ರಾಮಾಣಿಕ ಪರೀಕ್ಷೆಯಿಂದ.