ಹದಿನಾರು ಮೆಟ್ಟಿಲೋ, ಇಪ್ಪತ್ತೋ?

ಹೊಸ ಮನೆ ಕಟ್ಟುವವರು ಅಡುಗೆಮನೆ ಎಲ್ಲಿ ಬರಬೇಕು, ಟೈಲ್ಸ್ ಯಾವ ಬಣ್ಣ, ಗೇಟು ಹೇಗಿರಬೇಕು ಎಂದು ತಿಂಗಳುಗಟ್ಟಲೆ ಮಾತಾಡುತ್ತಾರೆ. ಮೆಟ್ಟಿಲಿನ ವಿಷಯ ಬಂದರೆ ಮಾತ್ರ "ಉಳಿದ ಜಾಗದಲ್ಲಿ ಮೇಸ್ತ್ರಿ ಹೊಂದಿಸುತ್ತಾರೆ ಬಿಡಿ" ಎನ್ನುತ್ತಾರೆ. ಗೋಡೆಯ ಬಣ್ಣವನ್ನು ಯಾವಾಗ ಬೇಕಾದರೂ ಬದಲಿಸಬಹುದು. ಕಾಂಕ್ರೀಟ್ ಮೆಟ್ಟಿಲನ್ನು ಒಡೆದು ಮತ್ತೆ ಕಟ್ಟಿಸುವವರನ್ನು ನಾನಂತೂ ನೋಡಿಲ್ಲ.

ನಮ್ಮದು 30×40 ಸೈಟು. ಕೆಳಗೆ ಬಾಡಿಗೆಗೆ ಕೊಡಲು ಅಂಗಡಿ, ಮೇಲೆ ನಾವು ಆರು ಜನ. ಅವರಲ್ಲಿ ದಾದಿಗೆ 74 ವರ್ಷ, ಎರಡೂ ಮೊಣಕಾಲು ನೋವು. (ನಮ್ಮ ಮನೆಮಾತಿನಲ್ಲಿ ದಾದಿ ಎಂದರೆ ಅಪ್ಪನ ತಾಯಿ. ಕನ್ನಡದಲ್ಲಿ ಆ ಪದಕ್ಕೆ ಆಸ್ಪತ್ರೆಯ ಅರ್ಥವಿದೆ ಎಂದು ಗೊತ್ತು, ನಗಬೇಡಿ.) ಅಕ್ಕಪಕ್ಕದ ಮನೆಯವರನ್ನು ಮಾತಾಡಿಸದೆ ಅವರಿಗೆ ದಿನ ಕಳೆಯುವುದಿಲ್ಲ. ಮೆಟ್ಟಿಲು ಕಡಿದಾಗಿದ್ದರೆ ಅವರು ಮೇಲೆಯೇ ಉಳಿದುಬಿಡುತ್ತಾರೆ.

ಮೇಸ್ತ್ರಿ ಹೇಳಿದ್ದು, "ಹದಿನಾರು ಮೆಟ್ಲು ಸಾಕು ಸಾಬ್ರೇ, ಅಂಗಡಿಗೆ ಜಾಗ ಉಳೀತದೆ." ಅಬ್ಬಾ ಲೆಕ್ಕ ಹಾಕಲು ನನಗೆ ಬಿಟ್ಟರು.

ಮೊದಲು ಬೇಕಾದದ್ದು ಕೆಳಗಿನ ನೆಲದಿಂದ ಮೇಲಿನ ನೆಲದವರೆಗಿನ ಎತ್ತರ. ನಮ್ಮದು ಹತ್ತೂವರೆ ಅಡಿ, ಅಂದರೆ 126 ಇಂಚು. ಇದನ್ನು 16ರಿಂದ ಭಾಗಿಸಿದರೆ ಒಂದೊಂದು ಮೆಟ್ಟಿಲಿನ ಎತ್ತರ ಸುಮಾರು 7.9 ಇಂಚು, ಅಂದರೆ 200 ಮಿಲಿಮೀಟರ್. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ವಾಸದ ಮನೆಯಲ್ಲಿ ಇದು 190 ಮಿಲಿಮೀಟರ್ ಮೀರಬಾರದು, ಕಾಲಿಡುವ ಅಗಲ 250ಕ್ಕಿಂತ ಕಡಿಮೆ ಇರಬಾರದು. ಇಪ್ಪತ್ತು ಮೆಟ್ಟಿಲು ಮಾಡಿದರೆ ಎತ್ತರ 6.3 ಇಂಚಿಗೆ ಇಳಿಯುತ್ತದೆ.

ಎತ್ತರ ಮತ್ತು ಅಗಲಕ್ಕೆ ಒಂದು ಸಂಬಂಧವೂ ಇದೆ. 17ನೇ ಶತಮಾನದ ಫ್ರೆಂಚ್ ವಾಸ್ತುಶಿಲ್ಪಿ ಫ್ರಾಂಸ್ವಾ ಬ್ಲಾಂಡೆಲ್ ಮನುಷ್ಯನ ಹೆಜ್ಜೆಯ ಅಳತೆಯಿಂದ ಇದನ್ನು ಕಂಡುಕೊಂಡ. ಈಗ ಅದನ್ನು ಬಳಸುವುದು ಹೀಗೆ: ಎತ್ತರದ ಎರಡರಷ್ಟಕ್ಕೆ ಅಗಲವನ್ನು ಕೂಡಿಸಿದರೆ ಸುಮಾರು 23.5ರಿಂದ 25 ಇಂಚಿನ ಒಳಗೆ ಬರಬೇಕು. ಮೇಸ್ತ್ರಿಯ ಮೆಟ್ಟಿಲಿಗೆ 10 ಇಂಚು ಅಗಲ ಹಿಡಿದರೆ 25.75 ಬರುತ್ತದೆ. ಇಪ್ಪತ್ತು ಮೆಟ್ಟಿಲಿಗೆ 11 ಇಂಚು ಅಗಲ ಕೊಟ್ಟರೆ 23.6.

ಇನ್ನು ಜಾಗದ ಪ್ರಶ್ನೆ. ಮಧ್ಯದಲ್ಲಿ ಮೂರಡಿ ಲ್ಯಾಂಡಿಂಗ್ ಇಟ್ಟು ತಿರುಗಿಸಿದರೆ ಹದಿನಾರಕ್ಕೆ 8 ಅಡಿ 10 ಇಂಚು ಉದ್ದ ಬೇಕು, ಇಪ್ಪತ್ತಕ್ಕೆ 11 ಅಡಿ 3 ಇಂಚು. ಆರೂವರೆ ಅಡಿ ಅಗಲದಲ್ಲಿ ವ್ಯತ್ಯಾಸ ಸುಮಾರು 16 ಚದರಡಿ. ಚದರಡಿಗೆ ತಿಂಗಳಿಗೆ 20 ರೂಪಾಯಿ ಬಾಡಿಗೆ ಎಂದುಕೊಂಡರೂ ವರ್ಷಕ್ಕೆ 3,840 ರೂಪಾಯಿ ಕೈತಪ್ಪುತ್ತದೆ. ಅರ್ಥಶಾಸ್ತ್ರದ ಪಾಠದಲ್ಲಿ ಬರುವ ಅವಕಾಶ ವೆಚ್ಚ ಎಂದರೆ ಇದೇ. ಅಬ್ಬಾ ಆ ಮೊತ್ತ ಕೇಳಿ, ಅಷ್ಟೇನಾ ಎಂದರು.

ಸಂಖ್ಯೆ ನಿರ್ಧಾರವಾದರೂ ಕೆಲಸ ಮುಗಿಯಲಿಲ್ಲ. ಎಲ್ಲ ಮೆಟ್ಟಿಲೂ ಒಂದೇ ಎತ್ತರ ಇರಬೇಕು, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಇದೇ. ಎರಡು ಮೆಟ್ಟಿಲು ಹತ್ತಿದ ಮೇಲೆ ಕಾಲು ಅಳತೆ ಕಲಿತುಬಿಡುತ್ತದೆ, ಆಮೇಲೆ ಕಣ್ಣು ಕೆಳಗೆ ನೋಡುವುದಿಲ್ಲ. ನಡುವೆ ಒಂದು ಮೆಟ್ಟಿಲು ಬೇರೆಯಾದರೆ ಅಲ್ಲೇ ಎಡವುತ್ತೇವೆ. ನಮ್ಮ ಸಂಬಂಧಿಕರೊಬ್ಬರ ಮನೆಯಲ್ಲಿ ಕೊನೆಯ ಮೆಟ್ಟಿಲಿನಲ್ಲಿ ಬಂದವರೆಲ್ಲ ಮುಗ್ಗರಿಸುತ್ತಾರೆ. ಕಾರಣ ಸರಳ. ಸೆಂಟ್ರಿಂಗ್ ಹೊಡೆದು ಕಾಂಕ್ರೀಟ್ ಹಾಕುವಾಗ ಎಲ್ಲ ಸಮನಾಗಿಯೇ ಇತ್ತು. ಆಮೇಲೆ ಮಹಡಿಯ ನೆಲಕ್ಕೆ ಗಾರೆ ಮತ್ತು ಟೈಲ್ಸ್ ಸೇರಿ 3 ಇಂಚು ಏರಿತು, ಮೆಟ್ಟಿಲಿಗೆ ಗ್ರಾನೈಟ್ ಸೇರಿ ಏರಿದ್ದು ಒಂದೂವರೆ ಇಂಚು. ಹಾಗಾಗಿ ಕೊನೆಯ ಮೆಟ್ಟಿಲು ಒಂದೂವರೆ ಇಂಚು ಹೆಚ್ಚಾಯಿತು, ಕೆಳಗಿನ ಮೊದಲನೆಯದು ಅಷ್ಟೇ ಕಡಿಮೆಯಾಯಿತು. ನೆಲಕ್ಕೆ ಏನು ಹಾಕುತ್ತೇವೆ, ಎಷ್ಟು ದಪ್ಪ ಎಂಬುದನ್ನು ಸೆಂಟ್ರಿಂಗ್‌ಗೆ ಮೊದಲೇ ಹೇಳಿಬಿಡಬೇಕು.

ಕನ್ನಡಿಯಂತೆ ಹೊಳೆಯುವ ಗ್ರಾನೈಟ್ ಮಳೆಗಾಲದಲ್ಲಿ ಒದ್ದೆ ಚಪ್ಪಲಿಗೆ ಜಾರುತ್ತದೆ. ಒರಟು ಮೈಯ ಸಾದರಹಳ್ಳಿ ಕಲ್ಲು ನೋಡಲು ಸಾದಾ, ಆದರೆ ಕಾಲು ನಿಲ್ಲುತ್ತದೆ. ಗ್ರಾನೈಟೇ ಬೇಕೆನ್ನುವವರು ಅಂಚಿನಲ್ಲಿ ಎರಡು ಮೂರು ಗೆರೆ ಕೊರೆಸಲಿ. ಜಾಗ ಉಳಿಸಲು ತಿರುವಿನಲ್ಲಿ ತ್ರಿಕೋನ ಮೆಟ್ಟಿಲು ಇಡುವುದು ಬೇಡ, ಒಳಬದಿಯಲ್ಲಿ ಕಾಲಿಡಲು ಜಾಗವೇ ಇರುವುದಿಲ್ಲ. ಲೈಟಿಗೆ ಕೆಳಗೊಂದು, ಮೇಲೊಂದು ಟೂ-ವೇ ಸ್ವಿಚ್ ಬೇಕು. ರೇಲಿಂಗ್ ಸರಳುಗಳ ನಡುವೆ 4 ಇಂಚಿಗಿಂತ ಕಡಿಮೆ ಸಂದು ಇದ್ದರೆ ಮಕ್ಕಳ ತಲೆ ತೂರುವುದಿಲ್ಲ.

ದಾದಿಗೆ ಹತ್ತುವುದಕ್ಕಿಂತ ಇಳಿಯುವುದೇ ಭಯ. ಇಳಿಯುವಾಗ ಅವರಿಗೆ ಬಲಗೈಗೆ ಆಸರೆ ಬೇಕು, ನಮ್ಮ ನಕ್ಷೆಯಲ್ಲಿ ಆ ಕಡೆ ಇರುವುದು ಗೋಡೆ. ಅದಕ್ಕೆ ಗೋಡೆಗೂ ಒಂದು ಪೈಪ್ ಹಿಡಿಕೆ ಹಾಕಿಸಲು ಹೇಳಿದ್ದೇವೆ, ಕೊನೆಯ ಮೆಟ್ಟಿಲು ದಾಟಿ ಒಂದಡಿ ಮುಂದಕ್ಕೆ.