ತಲೆಗೆ 1,500: ನಮ್ಮ ಸೆಂಡಾಫ್ ಫೋಟೊದಲ್ಲಿ ಇಲ್ಲದ ಏಳು ಮಂದಿ

2012ರಲ್ಲಿ ನಮ್ಮ ಮೆಕ್ಯಾನಿಕಲ್ ಬ್ಯಾಚಿನ ಸೆಂಡಾಫ್ ಪಾರ್ಟಿಗೆ ಖಜಾಂಚಿ ನಾನೇ ಆಗಿದ್ದೆ. ಕ್ಲಾಸಿನಲ್ಲಿ 62 ಜನ, ತಲೆಗೆ 1,500 ರೂಪಾಯಿ. "ಎಲ್ಲರಿಗೂ ಒಂದೇ ರೇಟು, ಯಾರಿಗೂ ಅನ್ಯಾಯ ಇಲ್ಲ" ಅಂತ ಕ್ಲಾಸಿನಲ್ಲಿ ಎದ್ದು ನಿಂತು ಹೇಳಿದವನೂ ನಾನೇ. ಪಾರ್ಟಿಗೆ ಬಂದವರು 55 ಜನ. ರಾಯಚೂರು ಕಡೆಯ ನನ್ನ ರೂಮ್‌ಮೇಟ್ ಹಿಂದಿನ ದಿನವೇ ಬ್ಯಾಗ್ ಹೊತ್ತು ಹೊರಟಿದ್ದ. "ಊರಾಗ ಕೆಲಸ ಅದ ಲೇ, ನೀವ್ ಮಾಡ್ರಿ" ಅಂದ. ಅವನ ಮೆಸ್ ಬಿಲ್ ಎರಡು ತಿಂಗಳಿಂದ ಬಾಕಿ ಇತ್ತು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ದಿನ ಕಳೆದ ಮೇಲೆ.

ಈಗಲೂ ಪ್ರತಿ ವರ್ಷ ಕಾಲೇಜು ಮುಗಿಯುವ ಹೊತ್ತಿಗೆ ಯಾರಾದರೂ ಜೂನಿಯರ್ ಫೋನ್ ಮಾಡಿ "ಅಣ್ಣಾ, ಕಡಿಮೆ ದುಡ್ಡಲ್ಲಿ ಪಾರ್ಟಿ ಹೆಂಗೆ ಮಾಡೋದು?" ಅಂತ ಕೇಳ್ತಾರೆ. ಅವರಿಗೆ ನಾನು ಮೊದಲು ತೋರಿಸುವುದು ನನ್ನ ಆ ಹಳೆಯ ಲೆಕ್ಕವನ್ನೇ.

ಲೆಕ್ಕ ಎಲ್ಲಿ ತಪ್ಪಿತು?

ಹೋಟೆಲ್ ಹಾಲ್ ಮತ್ತು ಬಫೆ ಸೇರಿ ತಲೆಗೆ 850. ಮೊಮೆಂಟೊ ತಲೆಗೆ 150. ಅಂದರೆ ಒಬ್ಬ ಹೆಚ್ಚು ಬಂದರೆ ಹೆಚ್ಚಾಗುವ ಖರ್ಚು 1,000 ರೂಪಾಯಿ ಮಾತ್ರ. ಇದರ ಮೇಲೆ ಡಿಜೆ 12,000, ಫೋಟೊ-ವಿಡಿಯೊ 10,000, ಫ್ಲೆಕ್ಸ್ ಮತ್ತು ಅಲಂಕಾರ 6,000. ಈ 28,000 ಹತ್ತು ಜನ ಬಂದರೂ ಅಷ್ಟೇ, ನೂರು ಜನ ಬಂದರೂ ಅಷ್ಟೇ.

62 ಜನ ಬಂದಿದ್ದರೆ ವಸೂಲಿ 93,000, ಖರ್ಚು 90,000. 55 ಜನ ಬಂದಾಗ ವಸೂಲಿ 82,500, ಖರ್ಚು 83,000. ಏಳು ಜನರನ್ನು ಕಳೆದುಕೊಂಡಿದ್ದೂ ಅಲ್ಲದೆ, 500 ರೂಪಾಯಿ ಕೈಯಿಂದ ಹಾಕಿದೆ. ಇಂಜಿನಿಯರಿಂಗ್ ಓದಿದವನಿಗೆ ಈ ಸರಳ ಕೂಡು-ಕಳೆ ಅವತ್ತು ಹೊಳೆಯಲಿಲ್ಲ. ನಾವು ಮೊದಲು ಪಾರ್ಟಿ ಹೇಗಿರಬೇಕು ಅಂತ ತೀರ್ಮಾನಿಸಿ, ಆಮೇಲೆ ಅದನ್ನು 62ರಿಂದ ಭಾಗಿಸಿದ್ದೆವು. ಯಾರ ಹತ್ತಿರ ಎಷ್ಟಿದೆ ಅಂತ ಒಬ್ಬರೂ ಕೇಳಿರಲಿಲ್ಲ.

ನಮ್ಮೂರ ಜಾತ್ರೆಗೆ ಪಟ್ಟಿ ಎತ್ತುವ ಹಿರಿಯರು ಹೀಗೆ ಮಾಡಲ್ಲ. ಇದ್ದವರು ಸಾವಿರ ಕೊಡ್ತಾರೆ, ಇಲ್ಲದವರು ಎರಡು ಸೇರು ಜೋಳ ಕೊಡ್ತಾರೆ, ಅದೂ ಆಗದವರು ಪೆಂಡಾಲಿಗೆ ಗಳ ಹೊರ್ತಾರೆ. ಊಟಕ್ಕೆ ಕೂತಾಗ ಎಲ್ಲರಿಗೂ ಒಂದೇ ಸಾರು.

ಹಾಗಾದರೆ ಹೇಗೆ ಮಾಡಬೇಕು?

ಮೊದಲು ಹೆಸರು ಬರೆಯಬೇಕಿಲ್ಲದ ಒಂದು ಗೂಗಲ್ ಫಾರ್ಮ್ ಕಳಿಸಿ. ಒಂದೇ ಪ್ರಶ್ನೆ: ನಿಮಗೆ ಎಷ್ಟು ಕೊಡೋಕಾಗುತ್ತೆ? ಸೊನ್ನೆ, 300, 700, 1,200. 62 ಜನರಲ್ಲಿ 10 ಜನ ಸೊನ್ನೆ, 12 ಜನ 300, 25 ಜನ 700, 15 ಜನ 1,200 ಅಂದರು ಅಂತಿಟ್ಟುಕೊಳ್ಳಿ. ಒಟ್ಟು 39,100. ಹೇಳಿದವರೆಲ್ಲ ಕೊಡಲ್ಲ, ಹಾಗಾಗಿ 35,000 ಅಂತ ಹಿಡಿಯಿರಿ. ನಿಮ್ಮ ಪಾರ್ಟಿಯ ಸೈಜ್ ಅಷ್ಟು. ದುಡ್ಡು ಸಿಆರ್ ಒಬ್ಬರ ಕೈಗೆ ಸೇರಲಿ. ಯಾರು ಎಷ್ಟು ಕೊಟ್ಟರು ಅನ್ನೋದು ಗ್ರೂಪಿಗೆ ಬರಬಾರದು.

ಎರಡನೆಯದು, ಜನ ಎಷ್ಟೇ ಬಂದರೂ ಬದಲಾಗದ ಖರ್ಚನ್ನು ಮೊದಲು ಕತ್ತರಿಸಿ, ಊಟವನ್ನು ಕೊನೆಗೆ ಮುಟ್ಟಿ. ಡಿಜೆ ಬದಲು ಕಾಲೇಜಿನ ಸ್ಪೀಕರ್ ಮತ್ತು ಒಂದು ಪ್ಲೇಲಿಸ್ಟ್ ಸಾಕು. ಕ್ಯಾಮೆರಾ ಇರುವವನು ಪ್ರತಿ ಕ್ಲಾಸಿನಲ್ಲೂ ಒಬ್ಬ ಇರ್ತಾನೆ, ಅವನಿಂದ ವಂತಿಗೆ ತಗೊಳ್ಳಬೇಡಿ. ಅಡುಗೆಯವರನ್ನು ಹಿಡಿದು ಎಲೆ ಊಟ ಹಾಕಿಸಿದರೆ ಹೋಟೆಲ್ ಬಫೆಗಿಂತ ಸಾಮಾನ್ಯವಾಗಿ ಅಗ್ಗ. ಕೊಟೇಶನ್ ತಗೊಳ್ಳುವಾಗ ಜಿಎಸ್‌ಟಿ ಸೇರಿದೆಯಾ ಅಂತ ಬಾಯಿಬಿಟ್ಟು ಕೇಳಿ. ಹಾಲ್ ಬಾಡಿಗೆ ಮೇಲೆ ಶೇ. 18 ತೆರಿಗೆ ಬಿದ್ದರೆ ಬಿಲ್ ಬಂದಾಗ ಎದೆ ಒಡೆಯುತ್ತೆ.

ಮೂರನೆಯದು ಜಾಗ ಮತ್ತು ದಿನ. ಕಾಲೇಜಿನ ಸೆಮಿನಾರ್ ಹಾಲ್ ಪುಕ್ಕಟೆ ಸಿಗುತ್ತಾ ಅಂತ ಎಚ್‌ಒಡಿಯನ್ನು ಕೇಳಿ ನೋಡಿ. ಸಿಗದಿದ್ದರೆ ಪಂಚಾಂಗ ತೆರೆಯಿರಿ! ಮುಹೂರ್ತದ ದಿನ ಸಮುದಾಯ ಭವನದವರು ಚೌಕಾಸಿಗೆ ಬಗ್ಗಲ್ಲ. ಆಷಾಢದಲ್ಲಿ ನಮ್ಮಲ್ಲಿ ಮದುವೆ ಮಾಡಲ್ಲ, ಹಾಲ್‌ಗಳು ಖಾಲಿ ಹೊಡೀತಿರ್ತವೆ. ಪರೀಕ್ಷೆ ಆ ಹೊತ್ತಿಗೆ ಮುಗಿಯುವಂತಿದ್ದರೆ ಬಾಡಿಗೆ ಇಳಿಸಿ ಕೇಳಬಹುದು.

ಬಜೆಟ್‌ನಲ್ಲಿ ಕಾಣದ ಖರ್ಚು

ಹುಡುಗರು ಬ್ಲೇಜರ್, ಹುಡುಗಿಯರು ಸೀರೆ ಅಂತ ನಾವು ಡ್ರೆಸ್ ಕೋಡ್ ಮಾಡಿದ್ದೆವು. ಬ್ಲೇಜರ್, ಶೂ, ಬ್ಲೌಸ್ ಹೊಲಿಗೆ, ಪಾರ್ಲರ್, ರಾತ್ರಿ ವಾಪಸ್ ಬರೋಕೆ ಆಟೊ. ಇದ್ಯಾವುದೂ ಖಜಾಂಚಿಯ ನೋಟ್‌ಬುಕ್ಕಿನಲ್ಲಿ ಇರಲ್ಲ, ಆದರೆ ಕೆಲವರಿಗೆ ವಂತಿಗೆಗಿಂತ ದೊಡ್ಡ ಮೊತ್ತ ಇದೇ. ಡ್ರೆಸ್ ಕೋಡ್ ಬೇಕೇ ಬೇಕು ಅಂದರೆ ಎಲ್ಲರ ಹತ್ತಿರ ಈಗಾಗಲೇ ಇರುವ ಒಂದು ಬಣ್ಣ ಆರಿಸಿ.

ಹೊತ್ತಿನದೂ ಇದೇ ಕತೆ. ಹುಡುಗಿಯರ ಹಾಸ್ಟೆಲ್ ಗೇಟು ಬೇಗ ಮುಚ್ಚುತ್ತೆ. ರಾತ್ರಿ ಪಾರ್ಟಿ ಅಂದರೆ ಪೂರ್ತಿ ದುಡ್ಡು ಕೊಟ್ಟು ಅರ್ಧ ಪಾರ್ಟಿಗೆ ಎದ್ದು ಹೋಗುವವರು ಅವರೇ. ರಾತ್ರಿ 10ರ ನಂತರ ಧ್ವನಿವರ್ಧಕ ಹಾಕಲು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳಲ್ಲಿ ಹೇಗೂ ನಿರ್ಬಂಧವಿದೆ. ಬೆಳಿಗ್ಗೆ 11ರಿಂದ ಸಂಜೆ 5ರವರೆಗೆ ಮಾಡಿದರೆ ಊಟವೂ ಒಂದೇ ಹೊತ್ತು, ಎಲ್ಲರೂ ಬಸ್ಸಲ್ಲೇ ವಾಪಸ್ ಹೋಗಬಹುದು.

ಲೆಕ್ಕ ಕೊಡಿ

ಕರ್ನಾಟಕದ ಬಹುಪಾಲು ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಡೆದು ದಶಕಗಳೇ ಆದವು. ಹಾಗಾಗಿ ನಮ್ಮಲ್ಲಿ ಅನೇಕರು ಬೇರೆಯವರ ದುಡ್ಡನ್ನು ಹೊಣೆ ಹೊತ್ತು ಖರ್ಚು ಮಾಡುವುದು ಮೊದಲ ಸಲ ಇಂಥ ಪಾರ್ಟಿಗಳಲ್ಲೇ. ವಿದ್ಯಾರ್ಥಿ ಚುನಾವಣೆಗಳ ಬಗ್ಗೆ 2006ರಲ್ಲಿ ವರದಿ ಕೊಟ್ಟ ಲಿಂಗ್ಡೊ ಸಮಿತಿ, ಅಭ್ಯರ್ಥಿಯ ಖರ್ಚಿಗೆ 5,000 ರೂಪಾಯಿ ಮಿತಿ ಹಾಕಿತ್ತು. ಫಲಿತಾಂಶ ಬಂದ ಎರಡು ವಾರದೊಳಗೆ ಲೆಕ್ಕ ಒಪ್ಪಿಸಬೇಕು ಅಂತಲೂ ಹೇಳಿತ್ತು. ಅದನ್ನೇ ಇಲ್ಲಿ ಪಾಲಿಸಿ. ಎರಡು ವಾರದೊಳಗೆ ಎಲ್ಲ ಬಿಲ್‌ಗಳ ಫೋಟೊ ಗ್ರೂಪಿಗೆ ಹಾಕಿ, ಉಳಿದ ದುಡ್ಡು ಏನಾಯ್ತು ಅಂತ ಹೇಳಿ. ನಾನು ಹಾಕಿರಲಿಲ್ಲ. ಯಾರೂ ಕೇಳಲೂ ಇಲ್ಲ.

ರೂಮ್‌ಮೇಟ್ ಈಗಲೂ ಸಿಗ್ತಾನೆ. ಕಳೆದ ಸಲ ಸಿಕ್ಕಾಗ ಈ ಲೆಕ್ಕ ಅವನಿಗೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುನ್ನೂರಾದ್ರ ನಾ ಕೊಡ್ತಿದ್ದೆ ಲೇ" ಅಂದ.