ಇನ್ಸುಲಿನ್‌ನೊಂದಿಗೆ ಬೆಳೆಯುವ ಮಕ್ಕಳು

ಮಧುಮೇಹವೆಂದೊಡನೆ ನಡುವಯಸ್ಸು ದಾಟಿದವರು, ಸ್ಥೂಲಕಾಯರು, ಕುಳಿತಲ್ಲೇ ದುಡಿಯುವವರು ನಮ್ಮ ನೆನಪಿಗೆ ಬರುತ್ತಾರೆ. ಆದರೆ ಅಡಿಕೆ ತೋಟದ ಏರುದಾರಿಯಲ್ಲಿ ದಿನವೂ ನಡೆದು ಶಾಲೆಗೆ ಹೋಗುವ, ಸಣಕಲು ಮೈಯ ಹುಡುಗ ಹುಡುಗಿಯರನ್ನೂ ಈ ವ್ಯಾಧಿ ಹಿಡಿಯುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಪಾಲಕರು ಇಂತಹ ಮಕ್ಕಳನ್ನು ಕರೆದುಕೊಂಡು ಆಯುರ್ವೇದ ವೈದ್ಯರ ಬಳಿ ಬಂದಾಗ ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ: "ಡಾಕ್ಟರೇ, ಈ ಸೂಜಿ ಬಿಡಿಸುವ ಔಷಧ ನಿಮ್ಮಲ್ಲಿದೆಯೇ?" ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರವನ್ನು ಕೊಡುವುದು, ಸೂಜಿಯೊಂದಿಗೇ ಮಗು ಹೇಗೆ ಸುಖವಾಗಿ ಬೆಳೆಯಬಲ್ಲದು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಹೆಸರೊಂದು, ವ್ಯಾಧಿ ಎರಡು

ನಮ್ಮ ಜಠರದ ಹಿಂಬದಿಯಲ್ಲಿರುವ ಮೇದೋಜೀರಕ ಗ್ರಂಥಿಯು ಇನ್ಸುಲಿನ್ ಎಂಬ ರಸವನ್ನು ರಕ್ತಕ್ಕೆ ಸೇರಿಸುತ್ತದೆ. ಉಂಡ ಅನ್ನ, ರೊಟ್ಟಿಗಳಿಂದ ಹುಟ್ಟುವ ಸಕ್ಕರೆಯು ರಕ್ತದಿಂದ ಜೀವಕೋಶಗಳ ಒಳಗೆ ಸೇರಬೇಕಾದರೆ ಈ ರಸ ಬೇಕು. ದೊಡ್ಡವರಲ್ಲಿ ಸಾಮಾನ್ಯವಾಗಿ ಕಾಣುವ ಎರಡನೆಯ ವಿಧದ ಮಧುಮೇಹದಲ್ಲಿ ಇನ್ಸುಲಿನ್ ಇರುತ್ತದೆ, ಆದರೆ ದೇಹವು ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಮೊದಲನೆಯ ವಿಧದಲ್ಲಿ, ರೋಗಗಳೊಂದಿಗೆ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ಇನ್ಸುಲಿನ್ ತಯಾರಿಸುವ ಕೋಶಗಳನ್ನು ನಾಶಮಾಡುತ್ತದೆ. ಇದು ಮಗು ಸಿಹಿ ತಿಂದದ್ದರಿಂದ ಬಂದುದಲ್ಲ, ತಾಯಿಯ ಅಲಕ್ಷ್ಯದಿಂದ ಬಂದುದಲ್ಲ, ಯಾರ ಶಾಪದಿಂದಲೂ ಬಂದುದಲ್ಲ.

ನಮ್ಮ ಪ್ರಾಚೀನ ಆಚಾರ್ಯರೂ ಪ್ರಮೇಹಿಗಳೆಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಿಲ್ಲ. ಪ್ರಮೇಹದಲ್ಲಿ ಇಪ್ಪತ್ತು ಭೇದಗಳನ್ನು ಹೇಳಿದ ಚರಕ ಸಂಹಿತೆಯು ಸ್ಥೂಲನೂ ಬಲವಂತನೂ ಆದ ರೋಗಿಯನ್ನು, ಕೃಶನೂ ದುರ್ಬಲನೂ ಆದ ರೋಗಿಯನ್ನು ಬೇರ್ಪಡಿಸಿ, ಮೊದಲನೆಯವನಿಗೆ ಶೋಧನವನ್ನೂ ಎರಡನೆಯವನಿಗೆ ಬೃಂಹಣವನ್ನೂ, ಅಂದರೆ ದೇಹಕ್ಕೆ ಪುಷ್ಟಿ ಕೊಡುವ ಉಪಚಾರವನ್ನೂ ವಿಧಿಸಿದೆ. ಸುಶ್ರುತರು ಸಹಜ ಮತ್ತು ಅಪಥ್ಯನಿಮಿತ್ತಜ ಎಂದು ಎರಡು ಬಗೆಗಳನ್ನು ಹೇಳಿದ್ದಾರೆ. ಇಂದಿನ ವರ್ಗೀಕರಣವೂ ಅಂದಿನದೂ ಒಂದಕ್ಕೊಂದು ತಾಳೆಯಾಗುತ್ತವೆ ಎಂದು ಹೇಳಲಾಗದು. ಆದರೆ ಒಂದು ವಿವೇಕ ಸ್ಪಷ್ಟವಾಗಿದೆ: ತೆಳ್ಳಗಿನ ಮಗುವನ್ನು ಪಥ್ಯದ ಹೆಸರಿನಲ್ಲಿ ಉಪವಾಸ ಕೆಡವುವುದು ಆಯುರ್ವೇದವಲ್ಲ.

ಸೂಜಿಯನ್ನು ಏಕೆ ಬಿಡಬಾರದು?

1922ಕ್ಕಿಂತ ಮೊದಲು ಈ ವ್ಯಾಧಿ ತಗುಲಿದ ಮಕ್ಕಳಿಗೆ ಅರೆಹೊಟ್ಟೆಯ ಆಹಾರ ಕೊಟ್ಟು ಕೆಲವು ತಿಂಗಳು, ಹೆಚ್ಚೆಂದರೆ ಕೆಲವು ವರ್ಷ ಜೀವ ಹಿಡಿದಿಡುತ್ತಿದ್ದರು. ಅದಕ್ಕಿಂತ ಹೆಚ್ಚಿನ ದಾರಿ ಯಾವ ದೇಶದ ವೈದ್ಯರಿಗೂ ಇರಲಿಲ್ಲ. 1921ರಲ್ಲಿ ಕೆನಡಾದ ಟೊರಾಂಟೋ ನಗರದಲ್ಲಿ ಫ್ರೆಡೆರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಇನ್ಸುಲಿನ್ನನ್ನು ಬೇರ್ಪಡಿಸಿದರು. 1922ರ ಜನವರಿ 11ರಂದು ಅದನ್ನು ಮೊದಲು ಪಡೆದವನು ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಬಾಲಕ. ಮೊದಲ ಸೂಜಿಯಿಂದ ಹೆಚ್ಚು ಫಲ ಕಾಣಲಿಲ್ಲ. ಇನ್ನಷ್ಟು ಶುದ್ಧಗೊಳಿಸಿದ ಇನ್ಸುಲಿನ್ನನ್ನು ಜನವರಿ 23ರಂದು ಕೊಟ್ಟಾಗ ಅವನು ಚೇತರಿಸಿಕೊಂಡನು. ಸಾವಿನಂಚಿನಲ್ಲಿದ್ದ ಆ ಬಾಲಕ ಮತ್ತೆ 13 ವರ್ಷ ಬದುಕಿದನು. ಇಂದಿನ ಇನ್ಸುಲಿನ್ ಮತ್ತು ಪರೀಕ್ಷಾ ಸಾಧನಗಳಿಂದ ಇಂತಹ ಮಕ್ಕಳು ದೀರ್ಘಾಯುಷಿಗಳಾಗಿ, ಓದಿ, ಉದ್ಯೋಗ ಹಿಡಿದು, ಸಂಸಾರಿಗಳಾಗಿ ಬಾಳಬಲ್ಲರು.

ಹೀಗಿರುವಾಗ ಬೇರು, ಕಷಾಯ, ಹರಕೆಗಳನ್ನು ನಂಬಿ ಇನ್ಸುಲಿನ್ ನಿಲ್ಲಿಸಿದರೆ ಏನಾಗುತ್ತದೆ? ಸಕ್ಕರೆಯನ್ನು ಬಳಸಲಾಗದ ದೇಹವು ತನ್ನ ಕೊಬ್ಬನ್ನೇ ಕರಗಿಸತೊಡಗುತ್ತದೆ. ಅದರಿಂದ ಹುಟ್ಟುವ ಕೀಟೋನ್ ಎಂಬ ಆಮ್ಲಗಳು ರಕ್ತವನ್ನು ವಿಷಮಯಗೊಳಿಸುತ್ತವೆ. ಹೊಟ್ಟೆನೋವು, ವಾಂತಿ, ಕೊಳೆತ ಹಣ್ಣಿನಂತಹ ಉಸಿರಿನ ವಾಸನೆ, ಆಳವಾದ ವೇಗದ ಉಸಿರಾಟ, ಮಂಪರು, ಇವು ಅದರ ಲಕ್ಷಣಗಳು. ಒಂದೆರಡು ದಿನಗಳಲ್ಲಿಯೇ ಪ್ರಾಣಾಪಾಯ ಒದಗಬಹುದು. ಎಷ್ಟೋ ಮಕ್ಕಳಲ್ಲಿ ವ್ಯಾಧಿ ಮೊದಲು ಪತ್ತೆಯಾಗುವುದೂ ಈ ಸ್ಥಿತಿಯಲ್ಲಿಯೇ. ಆದ್ದರಿಂದ ಮಗುವಿಗೆ ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ, ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳುವುದು, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ಅದೇ ದಿನ ಹತ್ತಿರದ ಆಸ್ಪತ್ರೆಯಲ್ಲಿ ಸಕ್ಕರೆಯನ್ನು ಪರೀಕ್ಷಿಸಬೇಕು.

ನಾಲ್ಕು ದಶಕಗಳಿಂದ ಆಯುರ್ವೇದವನ್ನೇ ನೆಚ್ಚಿ ಬಂದವನಾಗಿ ಹೇಳುತ್ತೇನೆ: ಮೊದಲನೆಯ ವಿಧದ ಮಧುಮೇಹದಲ್ಲಿ ಇನ್ಸುಲಿನ್ನಿನ ಸ್ಥಾನವನ್ನು ತುಂಬಬಲ್ಲ ಮೂಲಿಕೆಯಿಲ್ಲ. ನೆಲ್ಲಿ, ಮೆಂತ್ಯ, ಹಾಗಲಗಳು ಆಹಾರವಾಗಿ ಇರಲಿ. ಬೇರೆ ಔಷಧವನ್ನು ಜೊತೆಗೆ ಕೊಡುವುದಿದ್ದರೆ ಇನ್ಸುಲಿನ್ ಕೊಡುವ ವೈದ್ಯರಿಗೆ ತಿಳಿದಿರಲೇಬೇಕು. ನಮ್ಮ ಲೇಹ್ಯಗಳಲ್ಲಿ ಸಕ್ಕರೆಯೂ ಆಸವ ಅರಿಷ್ಟಗಳಲ್ಲಿ ಬೆಲ್ಲವೂ ಇರುತ್ತವೆ ಎಂಬುದನ್ನು ಬಹುಜನರು ಮರೆಯುತ್ತಾರೆ.

ಶಾಲೆಗೆ ಹೋಗುವ ಮಗುವಿನ ಒಂದು ದಿನ

ಯಲ್ಲಾಪುರದ ಕಡೆಯ ಒಂದು ಹಳ್ಳಿಯಲ್ಲಿ ಹತ್ತನೆಯ ತರಗತಿ ಓದುವ ಹುಡುಗಿಯನ್ನು ಉದಾಹರಣೆಗೆ ಭಾವಿಸಿಕೊಳ್ಳೋಣ. ಬೆಳಿಗ್ಗೆ ಎದ್ದೊಡನೆ ಕೈ ತೊಳೆದು, ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದು ಗ್ಲೂಕೋಮೀಟರಿನಲ್ಲಿ ನೋಡಿ ಪುಸ್ತಕದಲ್ಲಿ ಬರೆಯುತ್ತಾಳೆ. ಆ ಅಂಕಿಗೂ ತಿನ್ನಲಿರುವ ದೋಸೆ ಅಥವಾ ರೊಟ್ಟಿಯ ಪ್ರಮಾಣಕ್ಕೂ ತಕ್ಕಂತೆ ಇನ್ಸುಲಿನ್ ಹಾಕಿಕೊಳ್ಳುತ್ತಾಳೆ. ಮಧ್ಯಾಹ್ನ ಶಾಲೆಯಲ್ಲಿ, ರಾತ್ರಿ ಮನೆಯಲ್ಲಿ ಇದೇ ಕ್ರಮ. ಇದಲ್ಲದೆ ಇಡೀ ದಿನಕ್ಕಾಗುವ ಇನ್ನೊಂದು ಬಗೆಯ ಇನ್ಸುಲಿನ್ ಬೇರೆ. ಎಂದರೆ ದಿನಕ್ಕೆ ನಾಲ್ಕು ಸೂಜಿ, ನಾಲ್ಕೈದು ಪರೀಕ್ಷೆ. ಹಬ್ಬವಿರಲಿ, ಪರೀಕ್ಷೆಯಿರಲಿ, ಇದಕ್ಕೆ ರಜೆಯಿಲ್ಲ.

ಇಲ್ಲಿ ಕೆಲವು ಎಚ್ಚರಿಕೆಗಳು ಅಗತ್ಯ. ನಮ್ಮಲ್ಲಿ ಸೀಸೆಯ ಇನ್ಸುಲಿನ್ 40 ಮತ್ತು 100 ಯೂನಿಟ್ಟುಗಳ ಎರಡು ಸಾಂದ್ರತೆಗಳಲ್ಲಿ ದೊರೆಯುತ್ತದೆ. 40ರ ಸೀಸೆಗೆ ಕೆಂಪು ಮುಚ್ಚಳದ ಸಿರಿಂಜು, 100ರದಕ್ಕೆ ಕಿತ್ತಳೆ ಮುಚ್ಚಳದ ಸಿರಿಂಜು. ಇವು ಅದಲುಬದಲಾದರೆ ಪ್ರಮಾಣವು ಎರಡೂವರೆ ಪಟ್ಟು ಏರುಪೇರಾಗುತ್ತದೆ. ಔಷಧದ ಅಂಗಡಿಯಲ್ಲಿ ಕೊಳ್ಳುವಾಗಲೇ ನೋಡಿಕೊಳ್ಳಬೇಕು. ಹೊಟ್ಟೆ, ತೊಡೆ, ತೋಳುಗಳಲ್ಲಿ ಜಾಗ ಬದಲಿಸುತ್ತ ಚುಚ್ಚಬೇಕು. ಒಂದೇ ಕಡೆ ಚುಚ್ಚಿದರೆ ಚರ್ಮದಡಿ ಗಂಟು ಕಟ್ಟಿ ಇನ್ಸುಲಿನ್ ಸರಿಯಾಗಿ ಹೀರಲ್ಪಡುವುದಿಲ್ಲ. ತೆರೆಯದ ಸೀಸೆಯನ್ನು ಫ್ರಿಜ್ಜಿನ ಕೆಳಭಾಗದಲ್ಲಿ, 2ರಿಂದ 8 ಡಿಗ್ರಿ ಉಷ್ಣತೆಯಲ್ಲಿ ಇಡಬೇಕು. ಹೆಪ್ಪುಗಟ್ಟಿದುದನ್ನು ಬಳಸಬಾರದು. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ವಿದ್ಯುತ್ ಇಲ್ಲದಿರುವುದು ನಮ್ಮ ಮಲೆನಾಡಿನವರಿಗೆ ಹೊಸತಲ್ಲ. ಆಗ ನೀರು ತುಂಬಿದ ಮಣ್ಣಿನ ಗಡಿಗೆಯಲ್ಲಿ, ನೀರು ತಾಗದಂತೆ ಡಬ್ಬಿಯೊಳಗಿಟ್ಟು ಸೀಸೆಯನ್ನು ತಂಪಾಗಿರಿಸಬಹುದು. ತೆರೆದ ಸೀಸೆಯನ್ನು ಸಾಮಾನ್ಯವಾಗಿ ನಾಲ್ಕು ವಾರಗಳೊಳಗೆ ಬಳಸಿ ಮುಗಿಸಬೇಕು.

ಸಕ್ಕರೆ ಕುಸಿದಾಗ, ಜ್ವರ ಬಂದಾಗ

ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಬೆವರು, ನಡುಕ, ಹಸಿವು, ಸಿಡಿಮಿಡಿ, ಕಣ್ಣು ಮಂಜಾಗುವುದು ಕಾಣುತ್ತವೆ. ಆಗ ಮೂರು ಚಹಾ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು. ಏರದಿದ್ದರೆ ಪುನಃ ಕೊಡಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ, ಮಗ್ಗುಲಾಗಿ ಮಲಗಿಸಿ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಮಗುವಿನ ಪಕ್ಕದ ಬೆಂಚಿನ ಗೆಳತಿಗೂ ತರಗತಿಯ ಶಿಕ್ಷಕರಿಗೂ ಇಷ್ಟು ತಿಳಿದಿರಬೇಕು. ಇಂತಹ ವಿದ್ಯಾರ್ಥಿಗಳು ಪರೀಕ್ಷಾ ಕೊಠಡಿಗೆ ತಿನಿಸನ್ನು ಒಯ್ಯಲು ಸಿಬಿಎಸ್‌ಇ ಮಂಡಳಿ 2017ರಲ್ಲಿಯೇ ಅವಕಾಶ ಕೊಟ್ಟಿತು. ಎಸ್‌ಎಸ್‌ಎಲ್‌ಸಿ ಬರೆಯುವ ಮಕ್ಕಳ ಪಾಲಕರು ವೈದ್ಯರ ಪತ್ರದೊಂದಿಗೆ ಮುಖ್ಯೋಪಾಧ್ಯಾಯರನ್ನು ಪರೀಕ್ಷೆಗೆ ಬಹಳ ಮೊದಲೇ ಕಂಡು ಮಾತನಾಡಬೇಕು.

ಜ್ವರ, ವಾಂತಿಗಳಾದಾಗ "ಏನೂ ತಿಂದಿಲ್ಲ, ಇಂದು ಸೂಜಿ ಬೇಡ" ಎಂದು ನಿರ್ಧರಿಸುವುದು ದೊಡ್ಡ ಅಪಾಯ. ರೋಗವಿದ್ದಾಗ ಇನ್ಸುಲಿನ್ನಿನ ಅಗತ್ಯ ಸಾಮಾನ್ಯವಾಗಿ ಏರುತ್ತದೆ. ಇಡೀ ದಿನದ ಇನ್ಸುಲಿನ್ನನ್ನು ನಿಲ್ಲಿಸದೆ, ಮೂರು ನಾಲ್ಕು ಗಂಟೆಗೊಮ್ಮೆ ಪರೀಕ್ಷಿಸುತ್ತ, ನೀರು ಕುಡಿಸುತ್ತ ವೈದ್ಯರನ್ನು ಕೇಳಬೇಕು. ಮಂಗನ ಕಾಯಿಲೆ, ಇಲಿಜ್ವರಗಳು ಕಾಣಿಸುವ ನಮ್ಮ ಸೀಮೆಯಲ್ಲಿ ಈ ಮಾತನ್ನು ಮನೆಮಂದಿಯೆಲ್ಲ ನೆನಪಿಡಬೇಕು.

ಪೂಜೆ, ದಾಸೋಹ, ಆಲೆಮನೆ

ಇಷ್ಟಲಿಂಗ ಪೂಜೆ ಮುಗಿಯದೆ ಆಹಾರ ಸೇವಿಸದ ಮನೆಗಳಲ್ಲಿ ಬೆಳಗಿನ ಸೂಜಿಯ ಸಮಯವನ್ನು ಅರಿತಿರಬೇಕು. ಊಟದ ಇನ್ಸುಲಿನ್ ಹಾಕಿಕೊಂಡು ಪೂಜೆಗೆ ಕುಳಿತರೆ, ಪೂಜೆ ದೀರ್ಘವಾದಂತೆ ಸಕ್ಕರೆ ಕುಸಿಯುತ್ತದೆ. ಪೂಜೆ ಮುಗಿದು, ಊಟ ಸಿದ್ಧವಿದೆಯೆಂದು ಖಚಿತವಾದ ಬಳಿಕ ಹಾಕಿಕೊಳ್ಳುವುದು ಕ್ಷೇಮ. ಮಠದ ದಾಸೋಹದಲ್ಲಿ ಗೋಧಿ ಹುಗ್ಗಿಯೋ ಪಾಯಸವೋ ಇದ್ದರೆ ಮಗುವನ್ನು ಪಂಕ್ತಿಯಿಂದ ಎಬ್ಬಿಸಬೇಕಾಗಿಲ್ಲ. ಎರಡು ತುತ್ತು ಪ್ರಸಾದವಾಗಿ ಸ್ವೀಕರಿಸಿ, ಅನ್ನವನ್ನು ಅಷ್ಟು ಕಡಿಮೆ ಮಾಡಿ, ಪಲ್ಯ ಕೋಸಂಬರಿಗಳನ್ನು ಹೆಚ್ಚು ಬಡಿಸಿದರೆ ಸಾಕು. ಆಲೆಮನೆಯ ದಿನಗಳಲ್ಲಿ ಲೋಟಗಟ್ಟಲೆ ಕಬ್ಬಿನ ಹಾಲು, ದೋಸೆಯೊಂದಿಗೆ ಜೋನಿಬೆಲ್ಲ, ಇವು ಮಾತ್ರ ಸಕ್ಕರೆಯನ್ನು ಒಮ್ಮೆಲೇ ಏರಿಸುತ್ತವೆ. ಬೆಲ್ಲವು ಸಕ್ಕರೆಗಿಂತ ನಿರಪಾಯವೆಂಬುದು ಈ ವ್ಯಾಧಿಯಲ್ಲಿ ನಿಜವಲ್ಲ. ಶಿವರಾತ್ರಿಯ ಉಪವಾಸವನ್ನು ವೈದ್ಯರನ್ನು ಕೇಳದೆ ಮಾಡಿಸಬಾರದು. ಕಾಯವನ್ನು ಕಾಯ್ದುಕೊಳ್ಳುವುದೂ ಭಕ್ತಿಯೇ.

ಮೂರು ತಿಂಗಳಿಗೊಮ್ಮೆ ತಪ್ಪದ ಭೇಟಿ

ಮಗು ಚೆನ್ನಾಗಿಯೇ ಇರುವಾಗ ವೈದ್ಯರ ಬಳಿ ಏಕೆ ಹೋಗಬೇಕೆಂದು ಹಲವರು ಕೇಳುತ್ತಾರೆ. ಹದಿಹರೆಯದಲ್ಲಿ ಬೆಳವಣಿಗೆಯ ರಸಗಳು ಇನ್ಸುಲಿನ್ನಿಗೆ ಎದುರಾಗಿ ಕೆಲಸ ಮಾಡುವುದರಿಂದ ಹಿಂದಿನ ವರ್ಷದ ಪ್ರಮಾಣ ಈ ವರ್ಷಕ್ಕೆ ಸಾಲದು. ಹೆಣ್ಣುಮಕ್ಕಳಲ್ಲಿ ಮುಟ್ಟಿನ ಮೊದಲ ದಿನಗಳಲ್ಲೂ ಏರುಪೇರಾಗಬಹುದು. ಆದ್ದರಿಂದ ಮೂರು ತಿಂಗಳಿಗೊಮ್ಮೆ ಎತ್ತರ, ತೂಕ, ರಕ್ತದೊತ್ತಡ, ಚುಚ್ಚುವ ಜಾಗಗಳನ್ನು ನೋಡಬೇಕು. ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನು ಮಾಡಿಸಬೇಕು. ಇದನ್ನು ಶೇಕಡಾ 7ರೊಳಗೆ ತರುವುದು ಹೆಚ್ಚಿನ ಮಕ್ಕಳಿಗೆ ಗುರಿ. ವ್ಯಾಧಿ ಬಂದು ಕೆಲವು ವರ್ಷಗಳಾದ ಮೇಲೆ ವರ್ಷಕ್ಕೊಮ್ಮೆ ಕಣ್ಣಿನ ಒಳಪದರ, ಮೂತ್ರದಲ್ಲಿ ಪ್ರೋಟೀನು, ಪಾದಗಳ ಪರೀಕ್ಷೆ ಬೇಕು; ಥೈರಾಯ್ಡನ್ನೂ ಆಗಾಗ ನೋಡಬೇಕು. ಕಣ್ಣು, ಮೂತ್ರಪಿಂಡಗಳ ಹಾನಿ ಆರಂಭದಲ್ಲಿ ಯಾವ ನೋವನ್ನೂ ಕೊಡುವುದಿಲ್ಲ.

ದೂರದ ಕಷ್ಟ ನಿಜ. ಯಲ್ಲಾಪುರದಿಂದ ಹುಬ್ಬಳ್ಳಿಗೆ ಸುಮಾರು 70, ಶಿರಸಿಯಿಂದ ಸುಮಾರು 100 ಕಿಲೋಮೀಟರ್. ಸಿದ್ದಾಪುರದವರು ಸಾಗರದ ಮಾರ್ಗವಾಗಿ ಶಿವಮೊಗ್ಗಕ್ಕೂ ಹೋಗುತ್ತಾರೆ. ತಂದೆಗೆ ಒಂದು ದಿನದ ಕೂಲಿ, ಮಗುವಿಗೆ ಒಂದು ದಿನದ ಪಾಠ ತಪ್ಪುತ್ತದೆ. ಆದರೂ ಹಿಂದೆ ಕಿಮ್ಸ್ ಎನಿಸಿದ್ದ ಹುಬ್ಬಳ್ಳಿಯ ಕೆಎಂಸಿಆರ್‌ಐ, ಬೆಳಗಾವಿಯ ಕೆಎಲ್‌ಇಯಂತಹ ದೊಡ್ಡ ಆಸ್ಪತ್ರೆಗಳ ತಜ್ಞರನ್ನು ಕಂಡು ಕ್ರಮವನ್ನು ನಿಶ್ಚಯಿಸಿಕೊಂಡು, ನಡುನಡುವಿನ ಪರೀಕ್ಷೆಗಳನ್ನು ತಾಲೂಕು ಆಸ್ಪತ್ರೆಯಲ್ಲಿ ಮಾಡಿಸಬಹುದು. ಹೋಗುವಾಗ ಸಕ್ಕರೆ ಬರೆದ ಪುಸ್ತಕ, ಗ್ಲೂಕೋಮೀಟರ್ ಕಡ್ಡಾಯವಾಗಿ ಜೊತೆಗಿರಲಿ. ಹದಿನಾಲ್ಕು ಹದಿನೈದು ವರ್ಷ ದಾಟಿದ ಮಗು ತನ್ನ ಮಾತನ್ನು ತಾನೇ ವೈದ್ಯರಿಗೆ ಹೇಳಲಿ. ತಂದೆತಾಯಿ ಸ್ವಲ್ಪ ಹೊತ್ತು ಹೊರಗೆ ಕುಳಿತರೂ ಆದೀತು.

ಮುಚ್ಚಿಟ್ಟರೆ ಹೆಚ್ಚುವ ಹಾನಿ

ಈ ಮಕ್ಕಳನ್ನು ಸಕ್ಕರೆಗಿಂತ ಹೆಚ್ಚು ಬಳಲಿಸುವುದು ಗುಟ್ಟು. ನಾಳೆ ಮದುವೆಗೆ ತೊಡಕಾದೀತೆಂದು ಹೆಣ್ಣುಮಕ್ಕಳ ವ್ಯಾಧಿಯನ್ನು ಮುಚ್ಚಿಡುವ ಮನೆಗಳಿವೆ. ಹಾಗೆ ಮುಚ್ಚಿಟ್ಟಾಗ ನೆಂಟರೆದುರು, ಗೆಳತಿಯರೆದುರು ಸೂಜಿ ತಪ್ಪುತ್ತದೆ, ಪರೀಕ್ಷೆ ತಪ್ಪುತ್ತದೆ. ಸುಳ್ಳು ಅಂಕಿಗಳನ್ನು ಬರೆಯುವ ಅಭ್ಯಾಸವೂ ಬೆಳೆಯುತ್ತದೆ. ಅಂಕಿ ಏರಿದ್ದಕ್ಕೆ ಬೈಯುವ ಮನೆಯಲ್ಲಿ ಮಗು ನಿಜ ಹೇಳುವುದಿಲ್ಲ. "ಏನು ತಿಂದೆ?" ಎಂದು ಗದರಿಸುವ ಬದಲು "ಈಗ ಏನು ಮಾಡೋಣ?" ಎಂದು ಕೇಳಬೇಕು. ಸಕ್ಕರೆ ಹತೋಟಿಯಲ್ಲಿದ್ದ ಹೆಣ್ಣುಮಕ್ಕಳು ವೈದ್ಯರ ನಿಗಾದಲ್ಲಿ ಆರೋಗ್ಯವಂತ ಮಕ್ಕಳನ್ನು ಹೆರಬಲ್ಲರು ಎಂಬುದನ್ನೂ ಸಮಾಜ ತಿಳಿಯಬೇಕು.

ನವೆಂಬರ್ 14 ನಮಗೆ ಮಕ್ಕಳ ದಿನಾಚರಣೆ. ಇನ್ಸುಲಿನ್ ಕಂಡುಹಿಡಿದ ಬ್ಯಾಂಟಿಂಗ್ ಅವರ ಜನ್ಮದಿನವಾದುದರಿಂದ ಅದೇ ದಿನ ವಿಶ್ವ ಮಧುಮೇಹ ದಿನವೂ ಹೌದು. ಅಂದು ನಮ್ಮ ಶಾಲೆಗಳಲ್ಲಿ ಅರ್ಧ ಗಂಟೆ ಈ ವಿಷಯವನ್ನು ಹೇಳಿದರೆ ಎಲ್ಲೋ ಒಂದು ಮಗುವಿನ ಬಾಯಾರಿಕೆಯನ್ನು ಶಿಕ್ಷಕರೊಬ್ಬರು ಸಕಾಲದಲ್ಲಿ ಗುರುತಿಸಿಯಾರು. ಭಕ್ತರು ತಮ್ಮ ಊರಿನಲ್ಲಿ ಇಂತಹ ಮಗುವಿದ್ದರೆ ಮರುಕ ತೋರಿಸುವುದಕ್ಕಿಂತ, ಒಂದು ತಿಂಗಳ ಪರೀಕ್ಷಾ ಪಟ್ಟಿಗಳನ್ನೋ ಹುಬ್ಬಳ್ಳಿಗೆ ಹೋಗಿಬರುವ ಬಸ್ಸಿನ ಖರ್ಚನ್ನೋ ಕೊಟ್ಟರೆ ಅದು ನಿಜವಾದ ದಾಸೋಹವಾಗುತ್ತದೆ.